12 ವೋಲ್ಟ್ ಬ್ಯಾಟರಿಯಿಂದ ಮನೆ ಲೈಟು, ಫ್ಯಾನು, ಕೊಟ್ಟಿಗೆ ಪಂಪು: ಲೋಡ್ ಸರಿಯಾಗಿ ಜೋಡಿಸುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ–ಆಗುಂಬೆ ನಡುವೆ ರಸ್ತೆಯಿಂದ ಸಾಕಷ್ಟು ಒಳಗಿರುವ ಮನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು ಅಂದರೆ ದಿನಗಟ್ಟಲೆ ಕರೆಂಟ್ ಇಲ್ಲ. ಹಾಗಾಗಿ ಸೋಲಾರ್ ಹಾಕಿಸಿದ್ದೇವೆ. 150 ಆಂಪ್ ಅವರ್‌ನ ಒಂದು 12 ವೋಲ್ಟ್ ಟ್ಯೂಬ್ಯುಲರ್ ಬ್ಯಾಟರಿ, 100 ವ್ಯಾಟ್‌ನ ಎರಡು ಪ್ಯಾನೆಲ್, 20 ಆಂಪ್ ಚಾರ್ಜ್ ಕಂಟ್ರೋಲರ್. ಇನ್ವರ್ಟರ್ ಇಲ್ಲ, ಎಲ್ಲವೂ ನೇರ ಡಿಸಿ.

ಲೋಡ್ ಇಷ್ಟು: 7 ವ್ಯಾಟ್‌ನ ಆರು ಲೈಟು, 25 ವ್ಯಾಟ್‌ನ ಒಂದು ಡಿಸಿ ಫ್ಯಾನು, ಇಂಟರ್ನೆಟ್ ರೌಟರ್, ಕೊಟ್ಟಿಗೆಯಲ್ಲಿ ಎರಡು ಲೈಟು. ಇದರ ಜೊತೆಗೆ ಕೊಟ್ಟಿಗೆ ತೊಳೆಯಲು 60 ವ್ಯಾಟ್‌ನ ಒಂದು ಸಣ್ಣ ಪಂಪು. ಕೊಟ್ಟಿಗೆ ಮನೆಯಿಂದ ಸುಮಾರು 15 ಮೀಟರ್.

ತೊಂದರೆ ಏನೆಂದರೆ, ಪಂಪು ಹಾಕಿದ ಕೂಡಲೇ ಕೊಟ್ಟಿಗೆ ಲೈಟು ಮಂಕಾಗುತ್ತದೆ. ಪಂಪು ಏದುಸಿರು ಬಿಟ್ಟು ನಿಲ್ಲುತ್ತದೆ. ಮಾಡಿನ ಕೆಳಗೆ ವೈರ್ ಜಾಯಿಂಟ್ ಇರುವ ಕಡೆ ಕೈ ಇಟ್ಟರೆ ಬಿಸಿ. ವೈರ್ ಕೆಲಸ ಮಾಡಿದವರು ಮನೆ ವೈರಿಂಗ್‌ನಲ್ಲಿ ಉಳಿದ 1 ಸ್ಕ್ವೇರ್ (1 ಚದರ ಮಿ.ಮೀ.) ವೈರನ್ನೇ ಎಳೆದು ಹೋಗಿದ್ದಾರೆ. ಎಲ್ಲಾ ಲೈನೂ ಸೀದಾ ಬ್ಯಾಟರಿ ಟರ್ಮಿನಲ್‌ಗೇ ಸೇರಿದೆ, ನಡುವೆ ಫ್ಯೂಸ್ ಇಲ್ಲ. "12 ವೋಲ್ಟ್ ಅಲ್ವಾ, ಏನೂ ಆಗುವುದಿಲ್ಲ" ಅಂದರು. ಅಟ್ಟದ ಮೇಲೆ ಒಣಹುಲ್ಲು ಇದೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಗೊತ್ತಿರುವವರು ಮೊದಲಿನಿಂದ ಹೇಳಿಕೊಡಿ.

ಸಾಗರದ ಆಟೋ ಎಲೆಕ್ಟ್ರಿಕ್

ಮೊದಲ ಕೆಲಸ: ಇದನ್ನು ಓದಿದ ಕೂಡಲೇ ಹೋಗಿ ಕೊಟ್ಟಿಗೆ ಲೈನನ್ನು ಬ್ಯಾಟರಿಯಿಂದ ಬಿಚ್ಚಿಡಿ. ಹುಲ್ಲಿನ ಅಟ್ಟದ ಕೆಳಗೆ ಬಿಸಿಯಾಗುವ ಜಾಯಿಂಟ್ ಇಟ್ಟುಕೊಂಡು ಮಿಕ್ಕ ಮಾತು ಬೇಡ. ಬಿಚ್ಚುವಾಗ ಕೈಯ ಉಂಗುರ, ಬಳೆ, ವಾಚು ತೆಗೆಯಿರಿ. ಸ್ಪ್ಯಾನರ್‌ನ ಹಿಡಿಗೆ ಟೇಪ್ ಸುತ್ತಿ. ಅದು ಪ್ಲಸ್ಸು ಮೈನಸ್ಸು ಎರಡಕ್ಕೂ ಒಟ್ಟಿಗೆ ತಾಗಿದರೆ ಅಲ್ಲೇ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡು ಕೆಂಪಗಾಗುತ್ತದೆ.

12 ವೋಲ್ಟ್‌ನಲ್ಲಿ ಶಾಕ್ ಹೊಡೆಯುವುದಿಲ್ಲ ಅನ್ನುವುದು ನಿಜ. ಬೆಂಕಿ ಹತ್ತುವುದಿಲ್ಲ ಅನ್ನುವುದು ಸುಳ್ಳು. ವೈರಿಂಗ್ ಸುಟ್ಟು ಗ್ಯಾರೇಜಿಗೆ ಬರುವ ಜೀಪು, ಪಿಕಪ್‌ಗಳಲ್ಲಿ ಇರುವುದೂ ಇದೇ 12 ವೋಲ್ಟು.

ದುರ್ಗಿಗುಡಿ ಲ್ಯಾಬ್

ಮೇಲಿನವರು ಹೇಳಿದ್ದು ಸರಿ. ಮೊದಲು ಬಿಚ್ಚಿಡಿ. ಆಮೇಲೆ ಕೂತು ಲೆಕ್ಕ ಹಾಕೋಣ. ನಾನು ಶಿವಮೊಗ್ಗದಲ್ಲಿ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ಮಾಡಿಸುವವನು. ಈ ಲೆಕ್ಕ ಬಹಳ ಸುಲಭ. ಆದರೂ ಯಾರೂ ಹಾಕುವುದಿಲ್ಲ ಅನ್ನುವುದೇ ನನ್ನ ಸಂಕಟ.

ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. ನಿಮ್ಮ 60 ವ್ಯಾಟ್ ಪಂಪಿಗೆ 12 ವೋಲ್ಟ್‌ನಲ್ಲಿ 5 ಆಂಪ್ ಬೇಕು. ಅದೇ 60 ವ್ಯಾಟ್ 230 ವೋಲ್ಟ್‌ನಲ್ಲಾಗಿದ್ದರೆ ಕಾಲು ಆಂಪ್ ಸಾಕಿತ್ತು. ಅಂದರೆ ಅದೇ ಕೆಲಸಕ್ಕೆ ಡಿಸಿ ಲೈನಿನಲ್ಲಿ ಸುಮಾರು 19 ಪಟ್ಟು ಜಾಸ್ತಿ ಕರೆಂಟ್ ಹರಿಯುತ್ತದೆ. ಮನೆ ವೈರಿಂಗ್‌ನ ಅಂದಾಜು ಇಲ್ಲಿ ನಡೆಯದೇ ಇರುವುದು ಇದಕ್ಕೇ.

ಈಗ ವೈರಿನ ರೆಸಿಸ್ಟೆನ್ಸ್. ತಾಮ್ರದ ವೈರಿಗೆ ಒಂದು ಸುಲಭ ಸೂತ್ರ: ಮೀಟರ್‌ನಲ್ಲಿ ಉದ್ದವನ್ನು 0.018ರಿಂದ ಗುಣಿಸಿ, ವೈರ್ ಎಷ್ಟು ಸ್ಕ್ವೇರ್ ಇದೆಯೋ ಅದರಿಂದ ಭಾಗಿಸಿ. ಓಮ್‌ನಲ್ಲಿ ಉತ್ತರ ಬರುತ್ತದೆ. ಉದ್ದ ಅಂದರೆ ಹೋಗುವ ವೈರೂ ಬರುವ ವೈರೂ ಸೇರಿಸಿ. ಕೊಟ್ಟಿಗೆ 15 ಮೀಟರ್ ದೂರ, ಆದ್ದರಿಂದ 30 ಮೀಟರ್. 1 ಸ್ಕ್ವೇರ್ ವೈರಿಗೆ 0.54 ಓಮ್ ಬಂತು. ಅದರಲ್ಲಿ 5 ಆಂಪ್ ಹರಿದರೆ 2.7 ವೋಲ್ಟ್ ದಾರಿಯಲ್ಲೇ ಹೋಯಿತು. ಬ್ಯಾಟರಿಯಲ್ಲಿ 12.3 ಇದ್ದರೆ ಪಂಪಿಗೆ ಸಿಗುವುದು 9.6. ಇನ್ನು ಮೋಟರ್ ಹೊರಡುವ ಗಳಿಗೆಯಲ್ಲಿ ಎಳೆಯುವುದು 5 ಆಂಪ್ ಅಲ್ಲ, ಅದರ ನಾಲ್ಕೈದು ಪಟ್ಟು. ಪಾಪ, ಪಂಪು ನಿಂತುಹೋಗದೆ ಏನು ಮಾಡುತ್ತದೆ?

ಅದೇ ದೂರಕ್ಕೆ 2.5 ಸ್ಕ್ವೇರ್ ಹಾಕಿದರೆ ನಷ್ಟ 1.1 ವೋಲ್ಟ್. 4 ಸ್ಕ್ವೇರ್ ಹಾಕಿದರೆ ಹತ್ತಿರ ಹತ್ತಿರ 0.7. 6 ಸ್ಕ್ವೇರ್ ಹಾಕಿದರೆ 0.45. ನಿಮ್ಮ ಪಂಪಿಗೆ ನನ್ನ ಆಯ್ಕೆ 6 ಸ್ಕ್ವೇರ್. ದುಬಾರಿ, ಒಪ್ಪುತ್ತೇನೆ. ಒಮ್ಮೆ ಹಾಕಿದರೆ ಮತ್ತೆ ಆ ಕಡೆ ನೋಡುವ ಹಾಗಿಲ್ಲ.

ಜಾಯಿಂಟ್ ಬಿಸಿಯಾಗುವುದಕ್ಕೂ ಇದೇ ಲೆಕ್ಕ. 2.7 ವೋಲ್ಟ್, 5 ಆಂಪ್ ಅಂದರೆ 13.5 ವ್ಯಾಟ್ ಶಾಖ. ಅದು 30 ಮೀಟರ್ ಉದ್ದಕ್ಕೂ ಹಂಚಿಹೋದರೆ ಕೈಗೆ ಗೊತ್ತಾಗುವುದಿಲ್ಲ. ಆದರೆ ಕಿಲುಬು ಹಿಡಿದ ಒಂದು ಜಾಯಿಂಟ್‌ನಲ್ಲೇ 0.2 ಓಮ್ ಇದೆ ಅಂದುಕೊಳ್ಳಿ. ಆಗ ಬೆರಳ ತುದಿಯಷ್ಟು ಜಾಗದಲ್ಲಿ 5 ವ್ಯಾಟ್ ಕೂತಿರುತ್ತದೆ. ಟೇಪ್ ಕರಗುವುದಕ್ಕೆ ಅಷ್ಟು ಸಾಕು.

ಹೊಸನಗರ ತೋಟ

ಲೆಕ್ಕ ಚೆನ್ನಾಗಿ ತಿಳಿಯಿತು. ಲಿಂಗನಮಕ್ಕಿ ಹಿನ್ನೀರಿನ ಪಕ್ಕದಲ್ಲಿ ಕೂತು ನಾವೂ ಇದೇ 12 ವೋಲ್ಟ್ ಲೈಟ್ ನಂಬಿಕೊಂಡಿದ್ದೇವೆ. 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ಇರುವ ಜಿಲ್ಲೆಯಲ್ಲಿ ಹೀಗಾಯಿತಲ್ಲ ಅಂತ ಪ್ರತಿ ಮಳೆಗಾಲ ಬೇಜಾರಾಗುತ್ತದೆ. ಇರಲಿ.

ನನ್ನ ಪ್ರಶ್ನೆ ಫ್ಯೂಸ್ ಬಗ್ಗೆ. ನಮ್ಮಲ್ಲಿ ಬ್ಯಾಟರಿಗೆ 30 ಆಂಪ್‌ನ ಒಂದೇ ಫ್ಯೂಸ್ ಹಾಕಿದ್ದಾರೆ. ಎಲ್ಲಾ ಲೈನೂ ಅದರ ಮುಂದೆ. ಇಷ್ಟು ಸಾಕಲ್ವಾ?

ದುರ್ಗಿಗುಡಿ ಲ್ಯಾಬ್

ಸಾಲದು. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಚರ್ಚೆಯಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಫ್ಯೂಸ್ ಇರುವುದು ಲೈಟನ್ನೋ ಪಂಪನ್ನೋ ಕಾಯಲು ಅಲ್ಲ. ವೈರನ್ನು ಕಾಯಲು. ಕೊಟ್ಟಿಗೆ ತುದಿಯಲ್ಲಿ ಇಲಿ ಕಡಿದು ಪ್ಲಸ್ಸು ಮೈನಸ್ಸು ಕೂಡಿಕೊಂಡಿತು ಅಂದುಕೊಳ್ಳಿ. ಬ್ಯಾಟರಿಯ ಬುಡದಲ್ಲೇ ಶಾರ್ಟ್ ಆದರೆ ನೂರಾರು ಆಂಪ್ ಹರಿಯುತ್ತದೆ, ಸಾವಿರವೂ ದಾಟಬಹುದು. ಆದರೆ ಇಲ್ಲಿ ನಡುವೆ 0.54 ಓಮ್ ವೈರ್ ಇದೆ. 12 ಭಾಗಿಸು 0.54, ಅಂದರೆ ಕೇವಲ 22 ಆಂಪ್. ನಿಮ್ಮ 30 ಆಂಪ್ ಫ್ಯೂಸ್‌ಗೆ ಇದು ಶಾರ್ಟ್ ಅಂತ ಗೊತ್ತಾಗುವುದೇ ಇಲ್ಲ. ಅದು ಆರಾಮಾಗಿ ಕೂತಿರುತ್ತದೆ. 1 ಸ್ಕ್ವೇರ್ ವೈರು ಮಾತ್ರ 22 ಆಂಪ್ ಹೊತ್ತುಕೊಂಡು, ಬ್ಯಾಟರಿ ಖಾಲಿಯಾಗುವ ತನಕ ಮಾಡಿನ ಕೆಳಗೆ ಕಾಯುತ್ತಲೇ ಇರುತ್ತದೆ. ಪಿವಿಸಿ ಮೆತ್ತಗಾಗುತ್ತದೆ, ಪಕ್ಕದ ಹುಲ್ಲಿಗೆ ತಾಗುತ್ತದೆ. ಫ್ಯೂಸ್ ಇದ್ದೂ ಮನೆ ಸುಡುವುದು ಹೀಗೆ.

ಅದೇ ಲೈನಿಗೆ 5 ಆಂಪ್ ಫ್ಯೂಸ್ ಇದ್ದರೆ 22 ಆಂಪ್‌ಗೆ ತಟ್ಟನೆ ಹೋಗುತ್ತದೆ. 6 ಸ್ಕ್ವೇರ್ ಲೈನಿನಲ್ಲಿ ತುದಿಯಲ್ಲಿ ಶಾರ್ಟ್ ಆದರೆ 130 ಆಂಪ್‌ಗಿಂತ ಜಾಸ್ತಿ ಬರುತ್ತದೆ. ಅಲ್ಲಿ 15 ಆಂಪ್ ಫ್ಯೂಸ್ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹೋಗುತ್ತದೆ.

ಆದ್ದರಿಂದ ಪ್ರತಿ ಲೈನಿಗೂ ಆ ವೈರಿಗೆ ತಕ್ಕ ಫ್ಯೂಸ್ ಬೇರೆ. ಬ್ಯಾಟರಿಗೆ ಒಂದು ಮೇನ್ ಫ್ಯೂಸ್ ಬೇರೆ. ಮೇನ್ ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಲಿ. ಬ್ಯಾಟರಿಗೂ ಫ್ಯೂಸ್‌ಗೂ ನಡುವಿನ ವೈರಿಗೆ ಯಾರ ರಕ್ಷಣೆಯೂ ಇರುವುದಿಲ್ಲ, ಅದಕ್ಕೆ. ಆದರೆ ಬ್ಯಾಟರಿಯ ಮುಚ್ಚಳಗಳ ಮೇಲೆ ನೇರವಾಗಿ ಬೇಡ, ಪಕ್ಕಕ್ಕೆ ಇಡಿ. ಚಾರ್ಜ್ ಆಗುವಾಗ ಅಲ್ಲಿಂದ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಬಾರದು.

ಇನ್ನೊಂದು. 10 ಆಂಪ್ ಫ್ಯೂಸ್ 11 ಆಂಪ್‌ಗೆ ಹೋಗಿಬಿಡುತ್ತದೆ ಅಂತ ತಿಳಿಯಬೇಡಿ. ಸ್ವಲ್ಪ ಜಾಸ್ತಿಗೆ ಅದು ಗಂಟೆಗಟ್ಟಲೆ ತಡೆಯುತ್ತದೆ. ಹಾಗಾಗಿ ವೈರಿನ ತಾಕತ್ತು ಯಾವಾಗಲೂ ಫ್ಯೂಸ್‌ಗಿಂತ ಸಾಕಷ್ಟು ಮೇಲಿರಬೇಕು.

ಕೊಪ್ಪದ ಸೋಲಾರ್ ಕೆಲಸದವ

ಸೊಗಸಾಗಿ ಹೇಳಿದಿರಿ. ಕಾರಿಗೆ ಹಾಕುವ ಬ್ಲೇಡ್ ಫ್ಯೂಸ್ ಮತ್ತು ಆರು ದಾರಿಯ ಫ್ಯೂಸ್ ಬಾಕ್ಸ್ ಆಟೋ ಅಂಗಡಿಯಲ್ಲಿ ಸಿಗುತ್ತದೆ. ಸಾಮಾನ್ಯವಾಗಿ 32 ವೋಲ್ಟ್ ಡಿಸಿವರೆಗೆ ಆಗುತ್ತದೆ. ಬಣ್ಣ ನೋಡಿದರೆ ಎಷ್ಟು ಆಂಪ್ ಅಂತ ತಿಳಿಯುತ್ತದೆ: ತಿಳಿ ಕಂದು 5, ಕೆಂಪು 10, ನೀಲಿ 15, ಹಳದಿ 20, ಹಸಿರು 30.

ಈಗ ಕಂಟ್ರೋಲರ್ ವಿಷಯ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಡಿಮೆ ಬೆಲೆಯ ಪಿಡಬ್ಲ್ಯೂಎಂ (ಸರಳ ಬಗೆಯ) ಕಂಟ್ರೋಲರ್‌ಗಳಲ್ಲಿ ಬಹಳಷ್ಟು ಪ್ಲಸ್ಸನ್ನು ಒಳಗೇ ಒಂದು ಮಾಡಿ, ಮೈನಸ್ಸನ್ನು ಸ್ವಿಚ್ ಮಾಡುತ್ತವೆ. ಬ್ಯಾಟರಿ ಮೈನಸ್ಸೂ ಲೋಡ್ ಮೈನಸ್ಸೂ ಅಲ್ಲಿ ಬೇರೆ ಬೇರೆ. ಲೈಟಿನ ಪ್ಲಸ್ಸನ್ನು ಕಂಟ್ರೋಲರ್‌ನಿಂದ ತೆಗೆದು, ಮೈನಸ್ಸನ್ನು "ಎಲ್ಲಾ ಒಂದೇ ಅಲ್ವಾ" ಅಂತ ಬ್ಯಾಟರಿಗೆ ಕೊಟ್ಟರೆ ಲೈಟು ಉರಿಯುತ್ತದೆ. ಆದರೆ ಬ್ಯಾಟರಿ ಇಳಿದಾಗ ಕಂಟ್ರೋಲರ್‌ಗೆ ಅದನ್ನು ಆರಿಸಲು ಆಗುವುದಿಲ್ಲ. ಸದ್ದಿಲ್ಲದೆ ಬ್ಯಾಟರಿ ಪೂರ್ತಿ ಬರಿದಾಗುತ್ತದೆ. ಆದ್ದರಿಂದ ಕಂಟ್ರೋಲರ್‌ನ ಲೈನಿಗೆ ಎರಡೂ ವೈರ್ ಕಂಟ್ರೋಲರ್‌ಗೇ. ಬ್ಯಾಟರಿಯಿಂದ ಬರುವ ಲೈನಿಗೆ ಎರಡೂ ವೈರ್ ಬ್ಯಾಟರಿಯಿಂದಲೇ. ಬೆರೆಸಬೇಡಿ.

ನಿಮ್ಮ ಲೋಡ್ ಕೂಡಿಸಿದೆ. ಮನೆ ಲೈಟು 3.5 ಆಂಪ್, ಫ್ಯಾನು 2.1, ರೌಟರ್ ಸುಮಾರು 1, ಕೊಟ್ಟಿಗೆ ಲೈಟು 1.2, ಪಂಪು 5. ಎಲ್ಲಾ ಸೇರಿ 13 ಆಂಪ್‌ಗೆ ಸ್ವಲ್ಪ ಕಡಿಮೆ. ಕಂಟ್ರೋಲರ್‌ನ 20ರೊಳಗೆ ಇದೆ. ಆದರೆ ಪಂಪು ಹೊರಡುವಾಗಿನ ಎಳೆತ ಸೇರಿದರೆ 20 ದಾಟುತ್ತದೆ. ಪಂಪು ಮಾತ್ರ ಬ್ಯಾಟರಿಯಿಂದ ನೇರ ತೆಗೆಯಿರಿ. 6 ಸ್ಕ್ವೇರ್ ವೈರ್, 10 ಆಂಪ್ ಫ್ಯೂಸ್. ಹೊರಡುವಾಗ ಅದು ಪದೇ ಪದೇ ಹೋದರೆ 15 ಹಾಕಿ, ಆ ವೈರು ತಡೆಯುತ್ತದೆ. ಮಿಕ್ಕಿದ್ದೆಲ್ಲ ಕಂಟ್ರೋಲರ್‌ನ ಲೋಡ್ ಟರ್ಮಿನಲ್‌ಗೆ. ನೇರ ತೆಗೆದ ಪಂಪಿಗೆ ಬ್ಯಾಟರಿ ಇಳಿದಾಗ ನಿಲ್ಲಿಸುವವರು ಇರುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಡಿಜಿಟಲ್ ವೋಲ್ಟ್ ಮೀಟರ್ ಹಾಕಿ. 12ಕ್ಕಿಂತ ಕೆಳಗೆ ತೋರಿಸಿದರೆ ಪಂಪು ಬೇಡ.

ಜೋಡಿಸುವ ಕ್ರಮ: ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ಲೋಡ್. ಬಿಚ್ಚುವಾಗ ಉಲ್ಟಾ. ಬ್ಯಾಟರಿ ಇಲ್ಲದೆ ಪ್ಯಾನೆಲ್ ಕೊಟ್ಟರೆ 20 ವೋಲ್ಟ್‌ಗೂ ಮೇಲೆ ಬಂದು ಕೆಲವು ಕಂಟ್ರೋಲರ್ ಕೆಡುತ್ತವೆ.

ಹೊಸನಗರ ತೋಟ

ಮನೆಯಲ್ಲಿ ಮೂರು ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಸುಮ್ನೆ ಬಿದ್ದಿವೆ. ಫ್ಯೂಸ್ ಬದಲು ಅವನ್ನೇ ಹಾಕಿದರೆ ಆಗದಾ? ಹೋದರೆ ಮತ್ತೆ ಮೇಲೆತ್ತಬಹುದು.

ಕೊಪ್ಪದ ಸೋಲಾರ್ ಕೆಲಸದವ

12 ವೋಲ್ಟ್‌ಗೆ ಸ್ವಿಚ್ ಥರ ಬಳಸಿದರೆ ನಡೆಯುತ್ತದೆ. ನಾನು ಹಾಕಿದ್ದೂ ಇದೆ, ತೊಂದರೆ ಬಂದಿಲ್ಲ.

ದುರ್ಗಿಗುಡಿ ಲ್ಯಾಬ್

ಇದನ್ನು ನಾನು ಒಪ್ಪುವುದಿಲ್ಲ. ನಡೆಯುತ್ತದೆ ಅನ್ನುವುದು ಬೇರೆ, ಕಾಯುತ್ತದೆ ಅನ್ನುವುದು ಬೇರೆ.

ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ಆರಿಹೋಗುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ. ಕಿಡಿ ಒಮ್ಮೆ ಹತ್ತಿದರೆ ಎಳೆದುಕೊಂಡೇ ಇರುತ್ತದೆ. 12 ವೋಲ್ಟ್‌ನಲ್ಲಿ ಆ ಕಿಡಿ ಉಳಿಯುವುದು ಕಷ್ಟ, ಅದಕ್ಕೇ ನಿಮಗೆ ತೊಂದರೆ ಕಂಡಿಲ್ಲ. 48 ವೋಲ್ಟ್ ಬ್ಯಾಟರಿಗೋ, ಸೀರೀಸ್ ಮಾಡಿದ ಪ್ಯಾನೆಲ್‌ಗಳಿಗೋ ಅದೇ ಎಂಸಿಬಿ ಹಾಕಿದರೆ ಡಬ್ಬಿಯೊಳಗೇ ಬೆಂಕಿ.

ಇನ್ನೊಂದು ಕಾರಣ ನಿಮ್ಮ 12 ವೋಲ್ಟ್‌ಗೂ ಸೇರುತ್ತದೆ. ಸಾಮಾನ್ಯ ಸಿ-ಕರ್ವ್ ಎಂಸಿಬಿ ತಟ್ಟನೆ ಬೀಳಬೇಕಾದರೆ ಅದರ ರೇಟಿಂಗ್‌ನ 5ರಿಂದ 10 ಪಟ್ಟು ಕರೆಂಟ್ ಬೇಕು. ಡಿಸಿಯಲ್ಲಿ ಇನ್ನೂ ಜಾಸ್ತಿ. 10 ಆಂಪ್ ಎಂಸಿಬಿಗೆ ನೂರು ಆಂಪ್ ಆಸುಪಾಸು. ಉದ್ದದ ಸಣ್ಣ ವೈರಿನ ತುದಿಯಲ್ಲಿ ಬರುವುದೇ 22 ಆಂಪ್. ಅದು ಬಿಸಿಯಾಗಿ ನಿಧಾನಕ್ಕೆ ಬೀಳಬೇಕು ಅಷ್ಟೆ. ಅಷ್ಟು ಹೊತ್ತು ವೈರಿನ ಗತಿ?

ಡಿಸಿ ಅಂತಲೇ ಬರೆದ ಎಂಸಿಬಿ ಸಿಗುತ್ತದೆ. ಅದನ್ನು ತನ್ನಿ. ಕೆಲವಕ್ಕೆ ಪ್ಲಸ್ಸು ಮೈನಸ್ಸು ಗುರುತು ಇರುತ್ತದೆ, ಅದನ್ನು ತಪ್ಪದೆ ಪಾಲಿಸಿ.

ಕೊಪ್ಪದ ಸೋಲಾರ್ ಕೆಲಸದವ

ಎರಡನೇ ಕಾರಣ ನನಗೆ ಹೊಸದು. ಲೆಕ್ಕ ಹಾಕಿ ನೋಡಿದೆ, ಸರಿ ಇದೆ. ಇನ್ನು ಮೇಲೆ ಲೈನಿಗೆ ಬ್ಲೇಡ್ ಫ್ಯೂಸೇ. ಪ್ಯಾನೆಲ್ ಬಗ್ಗೆ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಬಿಸಿಲಲ್ಲಿ ಲೋಡ್ ಮೇಲಿರುವಾಗ ಪ್ಯಾನೆಲ್ ವೈರಿನ ಎಂಸಿ4 ಕನೆಕ್ಟರ್ ಎಳೆಯಬೇಡಿ. ಮೊದಲು ಡಿಸಿ ಸ್ವಿಚ್ ಆರಿಸಿ, ಆಮೇಲೆ ಎಳೆಯಿರಿ.

ಭದ್ರಾವತಿ ಡಿಪ್ಲೊಮಾ

ಸಾರ್, ನಾನು ವಿದ್ಯಾರ್ಥಿ. ಕಾಲೇಜಿನಲ್ಲಿ 30 ವೋಲ್ಟ್ 5 ಆಂಪ್‌ನ ಬೆಂಚ್ ಪವರ್ ಸಪ್ಲೈ ಇದೆ. ಪ್ರಾಜೆಕ್ಟಿಗೆ 12 ವೋಲ್ಟ್ ಮೋಟರ್ ಮತ್ತು ರಿಲೇ ಜೋಡಿಸಬೇಕು. ಬೋರ್ಡ್ ಸುಡುತ್ತದೋ ಅನ್ನುವ ಹೆದರಿಕೆ. 5 ಆಂಪ್ ಸಪ್ಲೈ 5 ಆಂಪನ್ನೂ ಬೋರ್ಡಿಗೆ ತಳ್ಳಿಬಿಡುತ್ತದಾ?

ದುರ್ಗಿಗುಡಿ ಲ್ಯಾಬ್

ತಳ್ಳುವುದಿಲ್ಲ. ವೋಲ್ಟೇಜನ್ನು ಸಪ್ಲೈ ನಿರ್ಧರಿಸುತ್ತದೆ, ಕರೆಂಟನ್ನು ಲೋಡ್ ನಿರ್ಧರಿಸುತ್ತದೆ. 5 ಆಂಪ್ ಅನ್ನುವುದು ಅದು ಕೊಡಬಲ್ಲ ಹೆಚ್ಚೆಂದರೆ ಎಷ್ಟು ಅನ್ನುವುದು. ಹೊಲದ ಬಾವಿಯಲ್ಲಿ ಎಷ್ಟೇ ನೀರಿದ್ದರೂ ಕೊಡಪಾನದಲ್ಲಿ ಬರುವುದು ಒಂದು ಕೊಡಪಾನವೇ. ವೋಲ್ಟೇಜ್ ತಪ್ಪಿದರೆ ಅಥವಾ ಶಾರ್ಟ್ ಆದರೆ ಮಾತ್ರ ಆ 5 ಆಂಪ್ ಅಪಾಯ.

ಹೀಗೆ ಮಾಡಿ. ಏನೂ ಜೋಡಿಸದೆ ವೋಲ್ಟೇಜ್ 12ಕ್ಕೆ ಇಡಿ. ಔಟ್‌ಪುಟ್ ಆಫ್ ಮಾಡಿ. ಕರೆಂಟ್ ನಾಬ್ ಪೂರ್ತಿ ಕೆಳಗಿಳಿಸಿ. ಎರಡು ಲೀಡನ್ನು ಒಂದಕ್ಕೊಂದು ಸೇರಿಸಿ ಔಟ್‌ಪುಟ್ ಹಾಕಿ, ನಿಮ್ಮ ಲೋಡಿಗೆ ಬೇಕಾದ್ದಕ್ಕಿಂತ ಸ್ವಲ್ಪವೇ ಮೇಲೆ ಕರೆಂಟ್ ಮಿತಿ ಇಡಿ. ಬೆಂಚ್ ಸಪ್ಲೈ ಇದಕ್ಕೆಂದೇ ಮಾಡಿದ್ದು, ಏನೂ ಆಗುವುದಿಲ್ಲ. ಬ್ಯಾಟರಿಗೆ ಮಾತ್ರ ಇದನ್ನು ಜನ್ಮದಲ್ಲಿ ಮಾಡಬೇಡಿ. ಆಮೇಲೆ ಔಟ್‌ಪುಟ್ ಆಫ್ ಮಾಡಿ, ಬೋರ್ಡಿಗೆ ಕೊಟ್ಟು, ಹಾಕಿ. ಸಪ್ಲೈ ಮೇಲಿನ ಸಿಸಿ (ಕರೆಂಟ್ ಮಿತಿಯ) ದೀಪ ಹತ್ತಿದರೆ ಲೋಡ್ ಮಿತಿ ಮುಟ್ಟಿದೆ ಅಂತ ಅರ್ಥ. ಕೂಡಲೇ ಮಿತಿ ಏರಿಸಬೇಡಿ, ಯಾಕೆ ಅಂತ ಹುಡುಕಿ. ಮೋಟರ್ ಹೊರಡುವಾಗ ಒಂದು ಕ್ಷಣ ಹತ್ತಿ ಆರಿದರೆ ಅದು ಸಹಜ.

ರಿಲೇ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ ಬೇಕೇ ಬೇಕು. ಗೆರೆ ಇರುವ ತುದಿ ಪ್ಲಸ್ ಕಡೆ. ಕಾಯಿಲ್ ಆರಿಸಿದ ಗಳಿಗೆಯಲ್ಲಿ ಅದು ಉಲ್ಟಾ ವೋಲ್ಟೇಜ್ ಎಸೆಯುತ್ತದೆ, 12 ವೋಲ್ಟ್ ಕಾಯಿಲ್‌ನಿಂದಲೂ ನೂರಾರು ವೋಲ್ಟ್ ಬರಬಹುದು. ಟ್ರಾನ್ಸಿಸ್ಟರ್ ಸಾಯುವುದು ಅದರಿಂದಲೇ. ರಿಲೇಗೆ 1ಎನ್4007 ಸಾಕು. ಬ್ರಷ್ ಇರುವ ಮೋಟರ್‌ಗೂ ಹೀಗೇ ಹಾಕಬಹುದು, ಸ್ವಲ್ಪ ದೊಡ್ಡ ಡಯೋಡ್ ತೆಗೆದುಕೊಳ್ಳಿ.

ಬೆಂಚ್ ಸಪ್ಲೈಯಿಂದ ಬ್ಯಾಟರಿ ಚಾರ್ಜ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ನಡುವೆ ಡಯೋಡ್ ಇಲ್ಲದೆ ಮಾಡಬೇಡಿ. ಕರೆಂಟ್ ಹೋದರೆ ಬ್ಯಾಟರಿ ಉಲ್ಟಾ ಸಪ್ಲೈಯೊಳಗೇ ನುಗ್ಗುತ್ತದೆ.

ಆಗುಂಬೆ ಮಳೆ

ವೈರು, ಫ್ಯೂಸು ಎಲ್ಲಾ ಸರಿ. ನಮ್ಮ ಕಡೆ ಇನ್ನೊಂದು ಶತ್ರು ಇದೆ, ಶೀತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಸುತ್ತಿ ಟೇಪ್ ಹಾಕಿದ ಜಾಯಿಂಟ್ ಒಂದೇ ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪಂಪು, ಬಕೆಟ್ಟು ಇಡುವ ಕಡೆ ಬ್ಯಾಟರಿ ಇಟ್ಟವರಂತೂ ಟರ್ಮಿನಲ್ ನೋಡಿ ಅಳಬೇಕು. ಅದರಲ್ಲಿರುವ ಮೈಲುತುತ್ತ ಲೋಹಕ್ಕೆ ಬಹಳ ಕೆಟ್ಟದ್ದು.

ನಾವು ಮಾಡುವುದು: ನಡುವೆ ಜಾಯಿಂಟೇ ಇಲ್ಲದೆ ಅಖಂಡ ವೈರ್ ಎಳೆಯುತ್ತೇವೆ. ಟರ್ಮಿನಲ್ ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತೇವೆ. ವೈರ್ ಡಬ್ಬಿಯೊಳಗೆ ಕೆಳಗಿನಿಂದ ಬರಬೇಕು, ಮೇಲಿನಿಂದ ಬಂದರೆ ನೀರೂ ಅದರ ಜೊತೆಗೇ ಬರುತ್ತದೆ. ತೂತುಗಳನ್ನು ಮುಚ್ಚಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಮನೆಯಿಂದ ಕೊಟ್ಟಿಗೆಗೆ ಹೋಗುವ ವೈರ್ ಪೈಪಿನಲ್ಲಿ ಹೋಗಲಿ, ಇಲಿ ಕಾಟ ತಪ್ಪುತ್ತದೆ.

ಏಪ್ರಿಲ್ ಮೇ ಗುಡುಗಿನ ಮಳೆಗೆ ಹುಷಾರು. ಮನೆಗೂ ಕೊಟ್ಟಿಗೆಗೂ ನಡುವೆ ಉದ್ದಕ್ಕೆ ಎಳೆದ ವೈರು ಸಿಡಿಲಿನ ಹೊಡೆತವನ್ನು ಮನೆಯೊಳಕ್ಕೆ ತರುತ್ತದೆ. ದೂರದಲ್ಲಿ ಬಿದ್ದ ಸಿಡಿಲಿಗೂ ಫ್ಯಾನಿನ ಸರ್ಕ್ಯೂಟ್, ರೌಟರ್ ಹೋದದ್ದು ನೋಡಿದ್ದೇನೆ. ಪ್ಲಸ್ಸು ಮೈನಸ್ಸು ಎರಡೂ ಒಟ್ಟಿಗೆ ಅಂಟಿಕೊಂಡು ಹೋಗಲಿ, ಬೇರೆ ಬೇರೆ ದಾರಿಯಲ್ಲಿ ಬೇಡ. ಮೋಡ ಕಟ್ಟಿದ ಕೂಡಲೇ ಆ ಲೈನಿನ ಎರಡೂ ವೈರು ಬಿಡಿಸುವ ಹಾಗೆ ಒಂದು ಪ್ಲಗ್ ಇಟ್ಟುಕೊಳ್ಳಿ. ಗುಡುಗು ತಲೆಯ ಮೇಲೆ ಬಂದ ನಂತರ ಮುಟ್ಟಲು ಹೋಗಬೇಡಿ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ಕೊಟ್ಟಿಗೆ ಲೈನ್ ಆಗಲೇ ಬಿಚ್ಚಿದೆ. ಜಾಯಿಂಟ್ ಬಿಚ್ಚಿ ನೋಡಿದರೆ ಒಳಗೆ ಟೇಪ್ ಕಪ್ಪಗೆ ಕರಗಿ ಅಂಟಿಕೊಂಡಿತ್ತು. ತೀರ್ಥಹಳ್ಳಿಯಿಂದ 6 ಸ್ಕ್ವೇರ್ ವೈರ್, ಫ್ಯೂಸ್ ಬಾಕ್ಸ್ ತರಿಸುತ್ತಿದ್ದೇನೆ.

ಇನ್ನೆರಡು ಸಂಶಯ. ರೌಟರ್ ಅಡಾಪ್ಟರ್ ಮೇಲೆ 12 ವೋಲ್ಟ್ 1 ಆಂಪ್ ಅಂತಿದೆ. ನೇರ ಬ್ಯಾಟರಿಗೆ ಕೊಡಬಹುದಾ? ಮತ್ತೆ, ಡಿಸಿ ಫ್ಯಾನಿಗೆ ಮನೆಯಲ್ಲಿರುವ ಸಾಮಾನ್ಯ ಮೂರು ಪಿನ್ ಸಾಕೆಟ್ಟನ್ನೇ ಹಾಕಬಹುದಾ?

ದುರ್ಗಿಗುಡಿ ಲ್ಯಾಬ್

ಬ್ಯಾಟರಿ 12 ಅನ್ನುವುದು ಹೆಸರಿಗೆ ಮಾತ್ರ. ಬಿಸಿಲಲ್ಲಿ ಚಾರ್ಜ್ ಆಗುವಾಗ 14.4ಕ್ಕೆ ಹೋಗುತ್ತದೆ. ರಾತ್ರಿ ಇಳಿದಾಗ 11.5. ಲೈಟು, ಫ್ಯಾನು ಸೋಲಾರಿಗೆಂದೇ ಮಾಡಿದ್ದಾದರೆ ತಡೆದುಕೊಳ್ಳುತ್ತವೆ. ರೌಟರ್ ಒಳಗಿನ ಕೆಪಾಸಿಟರ್ ಎಷ್ಟು ತಡೆಯುತ್ತದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಬಕ್-ಬೂಸ್ಟ್ ಕನ್ವರ್ಟರ್ ಹಾಕಿ. ಬರುವುದು 11 ಇರಲಿ 14 ಇರಲಿ, 12 ಕೊಡುತ್ತದೆ. ಕೇವಲ ಬಕ್ ಇರುವುದು ತರಬೇಡಿ, ಅದು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. ಜೋಡಿಸುವ ಮೊದಲು ಮೀಟರ್‌ನಲ್ಲಿ ಔಟ್‌ಪುಟ್ ನೋಡಿ, ಪಿನ್‌ನ ನಡುವೆ ಪ್ಲಸ್ಸೋ ಮೈನಸ್ಸೋ ಅಂತ ಅಡಾಪ್ಟರ್ ಮೇಲಿನ ಚಿತ್ರ ನೋಡಿ.

ಕೊಪ್ಪದ ಸೋಲಾರ್ ಕೆಲಸದವ

ಮೂರು ಪಿನ್ ಸಾಕೆಟ್ ಖಂಡಿತ ಬೇಡ. ಇಂದು ನಿಮಗೆ ನೆನಪಿರುತ್ತದೆ. ಹಬ್ಬಕ್ಕೆ ಬಂದ ನೆಂಟರಿಗೆ ಗೊತ್ತಿರುವುದಿಲ್ಲ. ಡಿಸಿ ಫ್ಯಾನಿನ ಪ್ಲಗ್ಗನ್ನು 230ರ ಸಾಕೆಟ್ಟಿಗೆ ಸಿಕ್ಕಿಸಿದರೆ ಫ್ಯಾನು ಒಡೆದು ಹೋಗುತ್ತದೆ. ಎದುರಿಗಿದ್ದವರ ಕಣ್ಣಿಗೂ ಅಪಾಯ. ಕಾರಿನ ಲೈಟರ್ ಥರದ ಸಾಕೆಟ್, ಅಥವಾ ಉಲ್ಟಾ ಹಾಕಲು ಬಾರದ ಎರಡು ಪಿನ್ ಕನೆಕ್ಟರ್ ಬಳಸಿ. 12 ವೋಲ್ಟ್ ಬಲ್ಬೂ ಮಾಮೂಲಿ ಹೋಲ್ಡರ್‌ಗೆ ಕೂರುವಂಥದ್ದು ಬರುತ್ತದೆ. ಆ ಹೋಲ್ಡರ್‌ಗಳಿಗೆ ಬಣ್ಣ ಬಳಿದು ಗುರುತು ಮಾಡಿ.

ಹಳೆಯ ಮನೆಗಳಲ್ಲಿ ಇನ್ನೊಂದು ಗೊಂದಲ. ಎಸಿ ವೈರಿಂಗ್‌ನಲ್ಲೂ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಡಿಸಿಯಲ್ಲೂ ಕೆಂಪು ಪ್ಲಸ್ಸು, ಕಪ್ಪು ಮೈನಸ್ಸು. ಎರಡನ್ನೂ ಒಂದೇ ಪೈಪಿನಲ್ಲಿ, ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಮುಂದೆ ರಿಪೇರಿಗೆ ಬಂದವರು 12 ವೋಲ್ಟ್ ಅಂದುಕೊಂಡು 230 ಮುಟ್ಟುತ್ತಾರೆ.

ಹೊಸನಗರ ತೋಟ

ಇದೇ ಬ್ಯಾಟರಿಗೆ ಐಬೆಕ್ಸ್ ಬೇಲಿಯ (ತೋಟದ ಸುತ್ತಿನ ಕರೆಂಟ್ ಬೇಲಿಯ) ಮೆಷಿನ್ ಕೊಡಬಹುದಾ? ಹಂದಿ ಕಾಟ ಬಹಳ ಇದೆ.

ಆಗುಂಬೆ ಮಳೆ

ಅದಕ್ಕೆ ಬೇರೆಯೇ ಬ್ಯಾಟರಿ ಇಡಿ. ಬೇಲಿ ಅಂದರೆ ತೋಟದ ಸುತ್ತ ಹಬ್ಬಿದ ತಂತಿ, ಸಿಡಿಲು ಬಿದ್ದರೆ ಸೀದಾ ನಿಮ್ಮ ಮನೆ ಬ್ಯಾಟರಿಗೆ ಬರುತ್ತದೆ. ಅದರ ಅರ್ತ್ ರಾಡ್ ಕೂಡ ಮನೆ ಅರ್ತ್‌ನಿಂದ ಕನಿಷ್ಠ 10 ಮೀಟರ್ ದೂರ ಇರಬೇಕು. ಆ ಮೆಷಿನ್ ಸೆಕೆಂಡಿಗೆ ಒಂದರಂತೆ ಸಣ್ಣ ಹೊಡೆತ ಕೊಡುವುದಕ್ಕೇ ಪ್ರಾಣಿಗಳು ಬದುಕುತ್ತವೆ. ಯಾರೇ ಹೇಳಿದರೂ 230 ವೋಲ್ಟನ್ನು ನೇರ ಬೇಲಿಗೆ ಕೊಡಬೇಡಿ. ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಅದು ಅಪರಾಧ ಕೂಡ.

ಸಾಗರದ ಆಟೋ ಎಲೆಕ್ಟ್ರಿಕ್

ತುಂಗಾತೀರ ಅವರೇ, ಹೊಸ ಲೈನ್ ಎಳೆದ ಮೇಲೆ ಸೀದಾ ಫ್ಯೂಸ್ ಸಿಕ್ಕಿಸಬೇಡಿ. ಗ್ಯಾರೇಜಿನಲ್ಲಿ ನಾವು ಮಾಡುವ ಹಾಗೆ ಮಾಡಿ. ಫ್ಯೂಸ್ ಜಾಗದಲ್ಲಿ 21 ವ್ಯಾಟ್‌ನ ಒಂದು ಇಂಡಿಕೇಟರ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಲೋಡ್‌ಗಳ ಸ್ವಿಚ್ ಆರಿಸಿರಬೇಕು. ಬಲ್ಬು ಉರಿಯದಿದ್ದರೆ ಲೈನ್ ಚೊಕ್ಕ. ಪೂರ್ತಿ ಬೆಳಕಿನಿಂದ ಉರಿದರೆ ಎಲ್ಲೋ ಶಾರ್ಟ್ ಇದೆ. ಆದರೂ ಎರಡು ಆಂಪ್‌ಗಿಂತ ಕಡಿಮೆಯೇ ಹರಿಯುತ್ತದೆ, ಏನೂ ಸುಡುವುದಿಲ್ಲ. ಸಾವಕಾಶ ಹುಡುಕಬಹುದು.

ವೈರ್ ತುದಿಗೆ ಲಗ್ (ಒತ್ತಿ ಕೂರಿಸುವ ಲೋಹದ ತುದಿ) ಹಾಕಿ, ಸರಿಯಾದ ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಿ. ಕಟಿಂಗ್ ಪ್ಲೇಯರ್‌ನಿಂದ ಜಜ್ಜಿದ ಲಗ್ ಒಂದು ದಿನ ಸಡಿಲವಾಗುತ್ತದೆ. ಸ್ಕ್ರೂ ಟರ್ಮಿನಲ್‌ಗೆ ಹೋಗುವ ಎಳೆಗಳಿಗೆ ಬೆಸುಗೆಯ ಸೀಸ ಹಾಕಬೇಡಿ. ಸೀಸ ಒತ್ತಡಕ್ಕೆ ಮೆಲ್ಲಗೆ ಜಾರುತ್ತದೆ, ಸ್ಕ್ರೂ ಸಡಿಲ ಬೀಳುತ್ತದೆ.

ಮೀಟರ್ ಬಳಸುವಾಗ ಒಂದು ಎಚ್ಚರ. ಕೆಂಪು ಲೀಡ್ 10 ಆಂಪ್ ತೂತಿನಲ್ಲಿ ಇಟ್ಟುಕೊಂಡು ಬ್ಯಾಟರಿಯ ಎರಡು ತುದಿ ಮುಟ್ಟಿದರೆ ಅದು ಶಾರ್ಟ್ ಮಾಡಿದಂತೆಯೇ. ಅಗ್ಗದ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಲೀಡ್ ಕೈಯಲ್ಲೇ ಕರಗುತ್ತದೆ. ಕ್ಲ್ಯಾಂಪ್ ಮೀಟರ್ ತರುವುದಾದರೆ ಡಿಸಿ ಆಂಪ್ ತೋರಿಸುವುದನ್ನೇ ಕೇಳಿ ತನ್ನಿ. ಸಾಮಾನ್ಯದ್ದು ಎಸಿ ಮಾತ್ರ ತೋರಿಸುತ್ತದೆ.

ಪಂಪಿನ ಸ್ವಿಚ್ ಕೂಡ ಮನೆ ಗೋಡೆಯದ್ದು ಬೇಡ. ಮೋಟರ್ ಆರಿಸುವಾಗ ಕಿಡಿ ಹಾರಿ ಒಳಗಿನ ಕಾಂಟ್ಯಾಕ್ಟ್ ತಿಂದುಹೋಗುತ್ತದೆ. ಗಾಡಿಯ ಟಾಗಲ್ ಸ್ವಿಚ್, 20 ಆಂಪ್‌ನದ್ದು, ಸಿಗುತ್ತದೆ.

ತುಂಗಾತೀರ

ಕೆಲಸ ಮುಗಿಯಿತು. ಬಲ್ಬ್ ಪರೀಕ್ಷೆ ಮಾಡಿದೆ. ಕೊಟ್ಟಿಗೆ ಲೈನ್ ಚೊಕ್ಕ ಬಂತು. ಮನೆಯೊಳಗಿನ ಒಂದು ಲೈನಿನಲ್ಲಿ ಬಲ್ಬು ಪೂರ್ತಿ ಉರಿಯಿತು. ಹುಡುಕಿದರೆ ಬಚ್ಚಲ ಬಳಿ ಮೊಳೆಯೊಂದು ವೈರಿನ ಎರಡೂ ಎಳೆ ಸೀಳಿಕೊಂಡು ಹೋಗಿತ್ತು. ಫ್ಯೂಸ್ ಇಲ್ಲದೆ ಆ ಮನೆಯಲ್ಲಿ ಮಲಗುತ್ತಿದ್ದೆವು ಅಂತ ನೆನೆದರೆ ಈಗಲೂ ಮೈ ನಡುಗುತ್ತದೆ.

ಪಂಪು ಓಡುವಾಗ ಬ್ಯಾಟರಿಯಲ್ಲಿ 12.4, ಪಂಪಿನ ಬಳಿ 11.8. ಲೆಕ್ಕಕ್ಕೂ ಮೀಟರ್‌ಗೂ ಹತ್ತಿರ ಹತ್ತಿರ ತಾಳೆ ಬಂತು. ಎಲ್ಲೂ ಬಿಸಿ ಇಲ್ಲ. 10 ಆಂಪ್ ಫ್ಯೂಸೇ ತಡೆಯುತ್ತಿದೆ.

ಹಳೆಯ 1 ಸ್ಕ್ವೇರ್ ವೈರ್ ಉಳಿದಿದೆ. ಜಾಯಿಂಟ್ ಕತ್ತರಿಸಿ ತೆಗೆದರೂ 15 ಮೀಟರ್‌ನ ಎರಡು ಅಖಂಡ ತುಂಡು ಸಿಗುತ್ತದೆ. ಕೊಟ್ಟಿಗೆಯ ಎರಡು ಲೈಟಿಗೆ ಅದನ್ನು ಬಳಸಬಹುದಾ, ಅಥವಾ ಬಿಸಾಡಲಾ?

ದುರ್ಗಿಗುಡಿ ಲ್ಯಾಬ್

ಬಳಸಬಹುದು. ಎರಡು ಲೈಟಿಗೆ 1.2 ಆಂಪ್, ದಾರಿಯಲ್ಲಿ ಹೋಗುವುದು 0.65 ವೋಲ್ಟ್. ಎಲ್‌ಇಡಿಗೆ ಅದು ಗೊತ್ತೂ ಆಗುವುದಿಲ್ಲ.

ಸಾಗರದ ಆಟೋ ಎಲೆಕ್ಟ್ರಿಕ್

ಆದರೆ ಮೊದಲು ಉದ್ದಕ್ಕೂ ಬೆರಳಾಡಿಸಿ ನೋಡಿ. ಎಲ್ಲಾದರೂ ಪಿವಿಸಿ ಗಟ್ಟಿಯಾಗಿ ಪುಡಿಯಾಗುತ್ತಿದ್ದರೆ, ತಾಮ್ರ ಕಪ್ಪಾಗಿದ್ದರೆ ಆ ತುಂಡು ಬೇಡ. ಚೆನ್ನಾಗಿದ್ದರೆ 5 ಆಂಪ್‌ನ ತಿಳಿ ಕಂದು ಫ್ಯೂಸ್ ಹಾಕಿ, ಪೈಪಿನಲ್ಲಿ ಎಳೆಯಿರಿ. ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಯಾವ ಲೈನಿಗೆ ಎಷ್ಟು ಆಂಪ್ ಅಂತ ಬರೆದು ಅಂಟಿಸಿ. ಫ್ಯೂಸ್ ಹೋದ ದಿನ ಮನೆಯಲ್ಲಿ ನೀವೇ ಇರುತ್ತೀರಿ ಅಂತ ಇಲ್ಲ.